ಬಣ್ಣ ಮಾಸಿದ ಸೆಲ್ಲು, ಅಪ್ಪನ ತಲೆ ಬ್ಯಾಟ್ರಿ

ಬೆಳಿಗ್ಗೆ ಹತ್ತೂವರೆ. ನಮ್ಮ ಟೀಮಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ನಡೀತಿತ್ತು. ಫೋನ್ ಟಣ್ ಅಂತು. ಅಪ್ಪನ ವಾಟ್ಸ್ಆ್ಯಪ್. ಒಂದು ಫೋಟೊ, ಅದರ ಕೆಳಗೆ ಒಂದು ವಾಯ್ಸ್ ಮೆಸೇಜ್. ಮೀಟಿಂಗ್ ಮಧ್ಯೆ ವಾಯ್ಸ್ ಕೇಳೋಕಾಗಲ್ಲ. ಫೋಟೊ ಮೇಲೆ ಕಣ್ಣಾಡಿಸಿದೆ. ಅಂಗೈ ಮೇಲೆ ಎರಡು ಉದ್ದನೆ ಸೆಲ್ಲು. 'ಏನಾಗಲ್ಲ ಅಪ್ಪ, ಹಾಕ್ಕೊಳ್ಳಿ' ಅಂತ ಟೈಪ್ ಮಾಡಿ ಕಳಿಸಿ, ನನ್ನ ಸರದಿ ಬಂತು ಅಂತ ಮಾತಾಡೋಕೆ ಶುರು ಮಾಡಿದೆ.

ನಮ್ಮ ಕೆಲಸದಲ್ಲಿ ಇದಕ್ಕೊಂದು ಹೆಸರಿದೆ. ಬೇರೆಯವರು ಬರೆದ ಕೋಡ್ ಓದಿ ನೋಡಿ ಒಪ್ಪಿಗೆ ಕೊಡಬೇಕು. ಸಮಯ ಇಲ್ಲದಿದ್ದಾಗ ಕೆಲವರು ಓದದೇ 'ಎಲ್‌ಜಿಟಿಎಂ' ಅಂತ ಹಾಕಿಬಿಡ್ತಾರೆ. ಅಂದರೆ, ನನ್ನ ಕಣ್ಣಿಗೆ ಸರಿಯಾಗೇ ಕಾಣುತ್ತೆ ಅಂತ. ಹಾಗೆ ಹಾಕಿದ ಜೂನಿಯರ್‌ಗಳಿಗೆ ನಾನೇ ಎಷ್ಟೋ ಸಲ ಬುದ್ಧಿ ಹೇಳಿದ್ದೀನಿ.

ರಾತ್ರಿ ಹನ್ನೊಂದೂವರೆಗೆ ಮಲಗುವ ಮುಂಚೆ ಆ ವಾಯ್ಸ್ ಮೆಸೇಜ್ ಕೇಳಿದೆ. "ಮಗ, ತಲೆ ಬ್ಯಾಟ್ರಿದು ಸೆಲ್ಲು ನೋಡು. ಒಂದರ ತುದೀಲಿ ಕಂದು ಬಣ್ಣ ಬಂದೈತೆ. ಈಚೆಗೆ ಚಾರ್ಜೂ ಬೇಗ ಇಳೀತೈತೆ. ಹಾಕಬೋದಾ?"

ಫೋಟೊ ಜೂಮ್ ಮಾಡಿದೆ. ನೀಲಿ ಹೊದಿಕೆಯ ಸೆಲ್ಲು. ಪ್ಲಸ್ ತುದಿಯ ಸುತ್ತ, ಟೀ ಲೋಟ ಇಟ್ಟು ಎತ್ತಿದ ಕಲೆಯ ಹಾಗೆ ಒಂದು ಕಂದು ಉಂಗುರ. ಅದರ ಅಂಚಲ್ಲಿ ಏನೋ ಜಿಡ್ಡು ಹೊಳೀತಿತ್ತು.

ನಿದ್ದೆ ಹಾರಿಹೋಯ್ತು. ಯಾಕೆಂದರೆ ತಲೆಗೆ ಕಟ್ಟುವ ಆ ಲೈಟಿನಲ್ಲಿ ದೀಪ ಮಾತ್ರ ಹಣೆ ಮೇಲಿರುತ್ತೆ. ಸೆಲ್ ಇರೋ ಡಬ್ಬಿ ತಲೆಯ ಹಿಂಭಾಗದಲ್ಲಿ, ನೆತ್ತಿಯಿಂದ ನಾಲ್ಕು ಬೆರಳು ಕೆಳಗೆ.

ತಕ್ಷಣ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಮೂರನೇ ಸಲ ಅಮ್ಮ ಎತ್ತಿದರು. "ಕರೆಂಟ್ ಬಂತು ಅಂತ ಮೋಟ್ರು ಹಾಕಕ್ಕೆ ತೋಟಕ್ಕೆ ಹೋದ್ರು ಕಣೋ. ಫೋನು ಇಲ್ಲೇ ಚಾರ್ಜಿಗೆ ಹಾಕವ್ರೆ. ಯಾಕೋ, ಏನಾಯ್ತು?"

ನಮ್ಮೂರು ತಿಪಟೂರಿನ ಹತ್ತಿರ. ತೆಂಗಿನ ತೋಟ, ಬೋರ್‌ವೆಲ್ಲು. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಪಾಳಿ ಮೇಲೆ ಬರುತ್ತೆ. ರಾತ್ರಿ ಪಾಳಿ ಇದ್ದಾಗ ರಾತ್ರೀನೇ ಹೋಗಬೇಕು. ಹಾವು ಚೇಳು ಓಡಾಡೋ ಜಾಗ. ಎರಡೂ ಕೈ ಖಾಲಿ ಇರಲಿ ಅಂತ ಆ ತಲೆ ಬ್ಯಾಟ್ರಿ ಕೊಡಿಸಿದ್ದು ನಾನೇ. ಅದರೊಳಗಿನ ಒಂದು ಜೊತೆ ಸೆಲ್ಲು ಕೊಟ್ಟಿದ್ದೂ ನಾನೇ. ಅಪ್ಪ ವಾಪಸ್ ಬರೋಕೆ ಇಪ್ಪತ್ತು ನಿಮಿಷ ಆಯ್ತು. ಆ ಇಪ್ಪತ್ತು ನಿಮಿಷ ನಾನು ಬಾಲ್ಕನಿಯಲ್ಲಿ ನಿಂತು ಏನು ಮಾಡಿದೆ ಅಂತ ನೆನಪಿಲ್ಲ.

ಬಂದವರೇ ಫೋನ್ ತಗೊಂಡು, "ಏನಾಗಿಲ್ಲ, ಚೆನ್ನಾಗೇ ಉರೀತಲ್ಲ" ಅಂದರು. ಎರಡೂ ಸೆಲ್ ತೆಗೆಸಿ, ಕೈ ತೊಳೆಸಿ, ಹೊರಗೆ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಒಂದು ಖಾಲಿ ಮಡಿಕೆಯೊಳಗೆ ಬೇರೆ ಬೇರೆಯಾಗಿ ಇಡಿಸಿದೆ. ಮಾರನೇ ದಿನ ಶುಕ್ರವಾರ. ವರ್ಕ್ ಫ್ರಮ್ ಹೋಮ್ ಅಂತ ಮೇಲ್ ಹಾಕಿ, ಮಲ್ಟಿಮೀಟರ್, ಸೆಲ್ ಚಾರ್ಜರ್ ಬ್ಯಾಗಿಗೆ ಹಾಕ್ಕೊಂಡು ಬೆಳಗಿನ ರೈಲು ಹತ್ತಿದೆ.

ಮೊದಲು, ಈ ಹೊದಿಕೆ ಯಾಕಿದೆ?

ಈ ಉದ್ದನೆ ಸೆಲ್ಲಿಗೆ 18650 ಅಂತ ಹೆಸರು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅಂದರೆ ಉರುಳೆ ಆಕಾರ. ಹಳೇ ದಪ್ಪ ಲ್ಯಾಪ್‌ಟಾಪ್‌ಗಳ ಬ್ಯಾಟರಿಯೊಳಗೆ, ಎಷ್ಟೋ ಪವರ್ ಬ್ಯಾಂಕ್‌ಗಳಲ್ಲಿ, ಟಾರ್ಚುಗಳಲ್ಲಿ ಇರೋದು ಇದೇ. ಲೀಥಿಯಂ ಅಯಾನ್ ಸೆಲ್ಲನ್ನು ಸೋನಿ ಕಂಪನಿ ಮೊದಲು ಮಾರುಕಟ್ಟೆಗೆ ತಂದಿದ್ದು 1991ರಲ್ಲಿ. ಈ ತಂತ್ರಜ್ಞಾನಕ್ಕೆ ಅಡಿಪಾಯ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ನಾವೆಲ್ಲ ಮೇಲಿನ ಬಣ್ಣದ ಪ್ಲಾಸ್ಟಿಕ್ಕನ್ನು ಲೇಬಲ್ ಅಂದುಕೊಂಡಿರ್ತೀವಿ. ಕಂಪನಿ ಹೆಸರು ಪ್ರಿಂಟ್ ಮಾಡೋಕೆ ಇರೋ ಕವರು ಅಂತ. ಹಾಗಲ್ಲ. ಅದು ಇನ್ಸುಲೇಶನ್.

ಹಳೇ ಕಾಲದ ಟಾರ್ಚಿನ ಸೆಲ್ಲಿನಲ್ಲಿ ಮೇಲೆ ಪ್ಲಸ್, ಕೆಳಗೆ ಮೈನಸ್ ಅಂತ ಕಲಿತಿದ್ದೀವಿ. 18650ಯಲ್ಲಿ ಕೆಳಗಿನ ತಳ ಮಾತ್ರ ಅಲ್ಲ, ಇಡೀ ಸ್ಟೀಲ್ ಡಬ್ಬಿಯೇ ಮೈನಸ್. ಪಕ್ಕ, ತಳ, ಮೇಲೆ ಪ್ಲಸ್ ಗುಂಡಿಯ ಸುತ್ತ ಒಳಕ್ಕೆ ಮಡಚಿದ ಅಂಚು, ಎಲ್ಲವೂ. ಪ್ಲಸ್ಸಿಗೂ ಆ ಅಂಚಿಗೂ ನಡುವೆ ಇರೋದು ಒಳಗಿನ ಒಂದು ಪ್ಲಾಸ್ಟಿಕ್ ಗ್ಯಾಸ್ಕೆಟ್, ಅದರ ಮೇಲೊಂದು ತೆಳು ಕಾಗದದ ರಿಂಗು, ಅದರ ಮೇಲೆ ಈ ಹೊದಿಕೆಯ ಮಡಿಕೆ. ಹೊದಿಕೆ ಅಲ್ಲಿ ಹರಿದರೆ, ಟಾರ್ಚಿನ ಒಂದು ಲೋಹದ ಚೂರು, ಜೇಬಿನ ಒಂದು ಬೀಗದ ಕೈ ಸಾಕು, ಪ್ಲಸ್ಸು ಮೈನಸ್ಸು ಸೇರಿಕೊಳ್ಳೋಕೆ. ಆಗ ಹತ್ತಾರು ಆಂಪಿಯರ್ ಕರೆಂಟು ಒಂದೇ ಸಲ ಹರಿಯುತ್ತೆ. ಬೀಗದ ಕೈ ಕೆಂಪಗೆ ಕಾಯಬಹುದು, ಸೆಲ್ಲು ಹೊತ್ತಿಕೊಳ್ಳಬಹುದು.

ಹಾಗಾಗಿ 'ಬಣ್ಣ ಹೋಗಿದೆ, ಬಳಸಬಹುದಾ' ಅನ್ನೋ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಇವೆ. ಒಂದು, ಹೊದಿಕೆ ಇನ್ನೂ ತನ್ನ ಕೆಲಸ ಮಾಡ್ತಿದೆಯಾ? ಎರಡು, ಬಣ್ಣ ಬದಲಾಗೋಕೆ ಕಾರಣ ಹೊರಗಿನದಾ, ಸೆಲ್ಲಿನ ಒಳಗಿಂದ ಬಂದದ್ದಾ?

ಜಗಲಿ ಮೇಲೆ ಐದು ಸೆಲ್ಲು

ಮನೆಗೆ ಹೋಗಿ ಇರೋ ಸೆಲ್ಲನ್ನೆಲ್ಲ ತರಿಸಿದೆ. ತಲೆ ಬ್ಯಾಟ್ರಿಯದು ಎರಡು, ಕೈ ಬ್ಯಾಟ್ರಿಯದು ಒಂದು, ಸ್ಪೇರ್ ಎರಡು. ಸ್ಪೇರಲ್ಲಿ ಒಂದು ಕಿಟಕಿ ಮೇಲೆ ಬಿಸಿಲಿಗೆ ಬಿದ್ದಿತ್ತು. ಇನ್ನೊಂದು ಎಲ್ಲಿತ್ತು ಅಂದರೆ, ಹಳೇ ತಗಡಿನ ಡಬ್ಬಿಯೊಳಗೆ, ಮೊಳೆ, ಸ್ಕ್ರೂ, ತುಕ್ಕು ಹಿಡಿದ ಬೀಗದ ಕೈಗಳ ಜೊತೆ! ಮೇಲಿನ ಪ್ಯಾರಾ ಓದಿದ ಮೇಲೆ ನಿಮಗೆ ಹೇಗನಿಸಿರಬಹುದೋ, ನನಗೂ ಹಾಗೇ ಅನಿಸಿತು.

ಪ್ರತಿಯೊಂದಕ್ಕೂ ಪೇಪರ್ ಟೇಪ್ ಹಚ್ಚಿ ನಂಬರ್ ಬರೆದೆ. ಅಪ್ಪ ಪಕ್ಕದಲ್ಲಿ ಕೂತು ನೋಡ್ತಿದ್ದರು. "ಎಲ್ಲಾ ಉರೀತವೆ. ಉರಿಯೋ ಸೆಲ್ಲನ್ನ ಯಾರಾದ್ರೂ ಬಿಸಾಕ್ತಾರಾ?" ಅಂತ ಒಂದು ಮಾತು ಬಿಟ್ಟರು. ನಾನು ಉತ್ತರ ಕೊಡಲಿಲ್ಲ.

ಒಂದನೇ ಸೆಲ್ಲು, ಕಿಟಕಿ ಮೇಲಿದ್ದದ್ದು. ಗುಲಾಬಿ ಬಣ್ಣ ಒಂದು ಪಕ್ಕ ಮಾತ್ರ ಬಿಳಿಚಿಕೊಂಡಿತ್ತು. ತಿರುಗಿಸಿದರೆ ಹಿಂದಿನ ಪಕ್ಕ ಗುಲಾಬಿ ಹಾಗೇ ಇದೆ. ಅಂದರೆ ಬಿಸಿಲು. ಈ ಹೊದಿಕೆ ಪಿವಿಸಿ ಪ್ಲಾಸ್ಟಿಕ್. ಬಿಸಿಲಿಗೆ ಬಣ್ಣ ಬಿಡುತ್ತೆ, ಹಳದಿಯಾಗುತ್ತೆ, ಕಾಲ ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತೆ. ಸೆಲ್ಲಿನ ತಪ್ಪಲ್ಲ. ಆದರೆ ಉಗುರಿನಿಂದ ಮೆಲ್ಲಗೆ ಒತ್ತಿದರೆ ಚಟ್ ಅನ್ನುವಷ್ಟು ಒಣಗಿತ್ತು. ಹೊಸ ಹೊದಿಕೆ ಬೇಕು.

ಎರಡನೆಯದು, ಆ ಕಂದು ಉಂಗುರದ್ದು. ಪ್ಲಸ್ ಗುಂಡಿಯ ಕೆಳಗೆ ಸಣ್ಣ ಕಿಂಡಿಗಳಿರುತ್ತವೆ. ಒಳಗೆ ಒತ್ತಡ ಹೆಚ್ಚಾದರೆ ಗಾಳಿ ಹೊರಹೋಗೋಕೆ. ಬಣ್ಣ ಸರಿಯಾಗಿ ಅಲ್ಲಿಂದಲೇ ಶುರುವಾಗಿತ್ತು. ಕಾಗದದ ರಿಂಗು ನೆನೆದು ಕಂದಾಗಿತ್ತು, ಸ್ಟೀಲ್ ಅಂಚಿನಲ್ಲಿ ತುಕ್ಕು. ಮಡಿಕೆಗೆ ಬಗ್ಗಿದಾಗ ಉಗುರಿನ ಬಣ್ಣ ತೆಗೆಯೋ ದ್ರವದ ಥರ ಒಂದು ಸಿಹಿಯಾದ ಘಾಟು. ಅದು ಒಳಗಿನ ಎಲೆಕ್ಟ್ರೊಲೈಟ್. ಅದರಲ್ಲಿರೋ ಲೀಥಿಯಂ ಲವಣ ಗಾಳಿಯ ತೇವದ ಜೊತೆ ಸೇರಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತೆ. ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು. ಈ ಸೆಲ್ಲಿಗೆ ಮೀಟರೂ ಬೇಡ, ಚಾರ್ಜರೂ ಬೇಡ. ಅಲ್ಲಿಗೆ ಮುಗೀತು. ಕೈಗವಸು ಹಾಕ್ಕೊಂಡೇ ಮುಟ್ಟಿದೆ. ನೀವೂ ವಾಸನೆ ನೋಡೋಕೆ ಅಂತ ಮೂಗಿಗೆ ಹಿಡಿಯಬೇಡಿ. ದೂರದಿಂದ ಬಂದ ವಾಸನೆಯೇ ಸಾಕು.

ಮೂರನೆಯದು, ಕೈ ಬ್ಯಾಟ್ರಿಯೊಳಗಿದ್ದದ್ದು. ಮೈಮೇಲೆ ಕಪ್ಪು ಗೀರುಗಳು. ಬೆರಳಿಂದ ಒರೆಸಿದರೆ ಅರ್ಧ ಹೋಯ್ತು. ಟಾರ್ಚಿನ ಅಲ್ಯೂಮಿನಿಯಂ ಕೊಳವೆಗೆ ಉಜ್ಜಿ ಹತ್ತಿದ ಮಸಿ. ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಆದರೆ ಮೇಲಿನ ಅಂಚಿನಲ್ಲಿ ಎಳ್ಳುಕಾಳಿನಷ್ಟು ಹೊದಿಕೆ ಹರಿದು ಸ್ಟೀಲ್ ಮಿನುಗುತ್ತಿತ್ತು. ಐದರಲ್ಲಿ ಶಾರ್ಟ್ ಆಗೋ ಅಪಾಯ ಅತಿ ಹೆಚ್ಚು ಇದ್ದದ್ದು ಇದಕ್ಕೇ. ಅತಿ ಸುಲಭವಾಗಿ ಸರಿ ಮಾಡಬಹುದಾದದ್ದೂ ಇದೇ.

ನಾಲ್ಕನೆಯದು ಹಸಿರು. ತಲೆ ಬ್ಯಾಟ್ರಿಯಲ್ಲಿ ಕಂದು ಉಂಗುರದ ಸೆಲ್ಲಿನ ಜೋಡಿ. ಒಂದು ಗೀರಿಲ್ಲ, ಕಲೆ ಇಲ್ಲ. ನಿನ್ನೆ ಕೊಂಡ ಹಾಗಿತ್ತು. "ಇದು ನೀನು ಕೊಟ್ಟಿದ್ದು" ಅಂದರು ಅಪ್ಪ.

ಐದನೆಯದು ಮೊಳೆ ಡಬ್ಬಿಯದು. ನಡು ಮೈಯಲ್ಲಿ ಒಂದು ಹಳದಿ-ಕಂದು ಪಟ್ಟಿ. ನೋಡಿದ ಕೂಡಲೇ ಇದೂ ಹೋಯ್ತು ಅಂದುಕೊಂಡೆ. ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿದರೆ ಪಟ್ಟಿ ಬಿಟ್ಟುಕೊಂಡು ಬಂತು. ಇದೂ ನಾನು ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಚ್ಚಿದ ಸೆಲ್ಲು. ಪ್ಯಾಕಿನೊಳಗೆ ಸೆಲ್ಲುಗಳನ್ನು ಹಿಡಿದಿಡೋಕೆ ಹಾಕಿದ್ದ ಗೋಂದು ಹಳತಾಗಿ ಕಂದಾಗಿತ್ತು. ಕೆಳಗಿನ ಹೊದಿಕೆ ಚೊಕ್ಕವಾಗಿತ್ತು. ಮೊಳೆ ಚುಚ್ಚಿದ ಗುರುತಿದೆಯಾ ಅಂತ ಮಾತ್ರ ಟಾರ್ಚ್ ಹಿಡಿದು ಎರಡೆರಡು ಸಲ ನೋಡಿದೆ.

ಇಲ್ಲಿ ಸಿಗದ ಆರನೆಯ ಥರ ಒಂದಿದೆ, ಅದನ್ನೂ ಹೇಳಿಬಿಡ್ತೀನಿ. ಹೊದಿಕೆ ಸುಕ್ಕುಗಟ್ಟಿ, ಸುಟ್ಟ ಹಾಗೆ ಕಂದಾಗಿ, ಅಂಚಿನಿಂದ ಹಿಂದಕ್ಕೆ ಸರಿದಿದ್ದರೆ ಅದು ಶಾಖದ ಗುರುತು. ಸಾಮಾನ್ಯವಾಗಿ ಈ ಸೆಲ್ಲುಗಳನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು, 60 ಡಿಗ್ರಿ ಮೀರಿದರೆ ಬಳಸಲೂಬಾರದು. ಪ್ಲಾಸ್ಟಿಕ್ ಸುಕ್ಕುಗಟ್ಟುವಷ್ಟು ಬಿಸಿ ಒಳಗಿಂದ ಬಂದಿದ್ದರೆ, ಸೆಲ್ಲು ಅದನ್ನು ದಾಟಿ ಹೋಗಿದೆ ಅಂತ ಅರ್ಥ. ಹೊಸ ಹೊದಿಕೆ ಹಾಕಿ ಅದನ್ನು ಮುಚ್ಚಬೇಡಿ.

ನಾನು ಮಾಡಿದ್ದ ತಪ್ಪು

2021ರಲ್ಲಿ ಮನೆಯಿಂದಲೇ ಕೆಲಸ ಮಾಡ್ತಿದ್ದಾಗ ನನ್ನ ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಬಿಚ್ಚಿ ಆರು ಸೆಲ್ಲು ತೆಗೆದಿದ್ದೆ. ಬಿಚ್ಚಿದ್ದೇ ಒಂದು ಸಾಹಸ ಅಂತ ಫೋಟೊ ತೆಗೆದು ಸ್ಟೇಟಸ್‌ಗೂ ಹಾಕಿದ್ದೆ. ವೋಲ್ಟೇಜ್ ನೋಡಿದೆ, ಸರಿ ಇತ್ತು. ಎರಡನ್ನು ಅಪ್ಪನಿಗೆ ಕೊಟ್ಟೆ.

ಆಗ ಯೋಚಿಸದ ಸಂಗತಿ ಏನಂದರೆ, ಲ್ಯಾಪ್‌ಟಾಪಿನ ಪ್ಯಾಕಿನಲ್ಲಿ ಸೆಲ್ಲುಗಳ ಜೊತೆ ಒಂದು ಸರ್ಕ್ಯೂಟ್ ಬೋರ್ಡ್ ಇರುತ್ತೆ. ಜಾಸ್ತಿ ಚಾರ್ಜ್ ಆಗದ ಹಾಗೆ, ಪೂರ್ತಿ ಖಾಲಿ ಆಗದ ಹಾಗೆ, ಶಾರ್ಟ್ ಆದರೆ ಕಡಿದುಹಾಕೋ ಹಾಗೆ ಕಾಯೋದು ಅದರ ಕೆಲಸ. ನಾನು ಸೆಲ್ಲು ತಂದೆ, ಕಾವಲುಗಾರನನ್ನು ಅಲ್ಲೇ ಬಿಟ್ಟೆ. ಅಷ್ಟೇ ಅಲ್ಲ, ಅಪ್ಪನ ಹತ್ತಿರ ಇದ್ದ ಬೇರೆ ಕಂಪನಿಯ, ಬೇರೆ ವಯಸ್ಸಿನ ಸೆಲ್ಲಿನ ಜೊತೆ ಅದನ್ನು ಜೋಡಿ ಮಾಡಿ ಹಾಕಿದೆ. ಎರಡು ಸೆಲ್ ಹಾಕೋ ಸಾಧನದಲ್ಲಿ ಎರಡೂ ಒಂದೇ ಥರ, ಒಂದೇ ಸಲ ಕೊಂಡದ್ದಾಗಿರಬೇಕು. ಇಲ್ಲದಿದ್ದರೆ ಒಂದರ ಕಾಯಿಲೆ ಇನ್ನೊಂದಕ್ಕೆ ಭಾರ.

ಇಂಜಿನಿಯರಿಂಗ್ ಓದಿದ ಮಗ ಕೊಟ್ಟಿದ್ದು ಅಂತ ಅಪ್ಪ ಕಣ್ಣು ಮುಚ್ಚಿ ನಂಬಿದ್ದರು.

ಹೊಸ ಹೊದಿಕೆ

ಹೊದಿಕೆ ಬದಲಿಸೋದು ಕಷ್ಟದ ಕೆಲಸ ಅಲ್ಲ. ಎಸ್‌ಪಿ ರೋಡಿನ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ 18650ಗೆ ಅಂತಲೇ ಕತ್ತರಿಸಿದ ಪಿವಿಸಿ ಕೊಳವೆ ಸಿಗುತ್ತೆ. ಚಪ್ಪಟೆ ಮಾಡಿದಾಗ ಅಗಲ ಸುಮಾರು 30 ಮಿಲಿಮೀಟರ್, ಉದ್ದ 72ರ ಹತ್ತಿರ. ಕಾಗದದ ರಿಂಗೂ ಸಿಗುತ್ತೆ. ಹೋದ ವರ್ಷ ತಂದದ್ದು ನನ್ನ ಬ್ಯಾಗಲ್ಲೇ ಇತ್ತು.

ಹಳೇ ಹೊದಿಕೆಯನ್ನು ತಳದ ಕಡೆಯಿಂದ, ಬ್ಲೇಡಿನ ಬದಲು ಪ್ಲಾಸ್ಟಿಕ್ ಚೂರಿನಿಂದ ಬಿಡಿಸಿದೆ. ಕೆಳಗೆ ಮೇಜಿನ ಮೇಲೆ ಲೋಹದ್ದು ಏನೂ ಇರಬಾರದು. ಕೈಯಲ್ಲಿ ಉಂಗುರ ಇದ್ದರೆ ತೆಗೆದಿಡಿ. ಹೊದಿಕೆ ಬಿಚ್ಚಿದ ಮೇಲೆ ಸ್ಟೀಲ್ ಮೈ ಪೂರ್ತಿ ನೋಡಿದೆ. ತುಕ್ಕು, ತಗ್ಗು, ಉಬ್ಬು ಯಾವುದೂ ಇಲ್ಲ. ಇದ್ದಿದ್ದರೆ ಅಲ್ಲಿಗೇ ನಿಲ್ಲಿಸಬೇಕಿತ್ತು. ಪ್ಲಸ್ ಕಡೆ ರಿಂಗ್ ಕೂರಿಸಿ, ಕೊಳವೆಯೊಳಗೆ ಸೆಲ್ ಇಳಿಸಿ, ತಂಗಿಯ ಹೇರ್ ಡ್ರೈಯರಿನಿಂದ ಸುತ್ತ ಬಿಸಿಗಾಳಿ ಹಾಯಿಸಿದೆ. ಕೆಲವೇ ಸೆಕೆಂಡಿನಲ್ಲಿ ಮೈಗೆ ಅಂಟಿಕೊಂಡಿತು. ಸೆಲ್ಲು ಕೈಗೆ ಉಗುರುಬೆಚ್ಚಗಿಗಿಂತ ಹೆಚ್ಚು ಬಿಸಿಯಾಗಬಾರದು. ಗ್ಯಾಸ್ ಒಲೆ, ಲೈಟರ್ ಹತ್ತಿರಕ್ಕೂ ತರಬೇಡಿ. ಸೆಲೋಟೇಪ್, ವೈರಿಗೆ ಸುತ್ತೋ ಟೇಪ್ ಹಾಕಿ ಸಾಕು ಅನ್ನಬೇಡಿ. ಬಿಸಿಗೆ ಅದರ ಗೋಂದು ಜಾರುತ್ತೆ, ಟಾರ್ಚಿನೊಳಗೆ ಸಿಕ್ಕಿಕೊಳ್ಳುತ್ತೆ.

ಒಂದನೆಯದಕ್ಕೂ ಮೂರನೆಯದಕ್ಕೂ ಹೀಗೆ ಹೊಸ ಬಟ್ಟೆ ಆಯ್ತು. ಅಮ್ಮ ನೋಡಿ, "ಸೆಲ್ಲಿಗೂ ಹಬ್ಬ ಮಾಡ್ದಲ್ಲೋ" ಅಂದರು.

ಮೀಟರ್ ಏನು ಹೇಳ್ತು

ಬಣ್ಣ ಹೇಳದ್ದನ್ನು ಮೀಟರ್ ಹೇಳುತ್ತೆ. ಈ ಸೆಲ್ಲು ಪೂರ್ತಿ ತುಂಬಿದಾಗ 4.2 ವೋಲ್ಟ್. ಬಳಸದೆ ಇಟ್ಟ ಸೆಲ್ಲು 3ಕ್ಕಿಂತ ಮೇಲಿದ್ದರೆ ಮುಂದಿನ ಪರೀಕ್ಷೆಗೆ ಪಾಸು. 2.5ಕ್ಕಿಂತ ಕೆಳಗಿದ್ದರೆ ಅನುಮಾನ. 2ಕ್ಕಿಂತಲೂ ಕೆಳಗೆ ಇಳಿದು ಬಹಳ ದಿನ ಬಿದ್ದಿದ್ದರೆ ಮತ್ತೆ ಚಾರ್ಜ್ ಮಾಡೋ ಆಸೆ ಬಿಡಬೇಕು. ಅಷ್ಟು ಖಾಲಿಯಾದಾಗ ಒಳಗಿನ ತಾಮ್ರದ ಹಾಳೆ ಕರಗೋಕೆ ಶುರುವಾಗುತ್ತೆ. ಮತ್ತೆ ಚಾರ್ಜ್ ಮಾಡಿದಾಗ ಕರಗಿದ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೊಳಗೇ ಶಾರ್ಟ್ ಮಾಡಬಹುದು.

ನನ್ನ ನಾಲ್ಕೂ ಸೆಲ್ಲು 3ಕ್ಕಿಂತ ಮೇಲಿದ್ದವು. ಶನಿವಾರ ಭಾನುವಾರ ಪೂರ್ತಿ ಜಗಲಿಯ ಕಲ್ಲಿನ ಮೇಲೆ ಚಾರ್ಜರ್ ಇಟ್ಟು, ಎದುರಿಗೇ ಕೂತು, ಒಂದೊಂದನ್ನೂ ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿದೆ. ಎಷ್ಟು ಹಿಡಿಯುತ್ತೆ ಅಂತ ಅಳೆಯೋ ಚಾರ್ಜರ್ ಅದು. ಹೊಸದಾಗಿದ್ದಾಗ ಇದ್ದ ಸಾಮರ್ಥ್ಯದ ಶೇಕಡ 80ಕ್ಕಿಂತ ಕೆಳಗೆ ಬಂದರೆ ಸೆಲ್ಲಿಗೆ ವಯಸ್ಸಾಯ್ತು ಅಂತ ಲೆಕ್ಕ.

ಒಂದನೆಯದು 2600 ಎಂಎಎಚ್‌ದು, 2140 ಹಿಡೀತು. ಮೂರನೆಯದು 2200ದು, 2010. ಐದನೆಯದು 2200ದು, 1890. ಎಲ್ಲಾ ಪಾಸು. ನಾಲ್ಕನೇ ಹಸಿರು ಸೆಲ್ಲು 2200ದು, 1980 ಹಿಡೀತು. ಬಿಸಿಯೂ ಆಗಲಿಲ್ಲ. ನೋಡೋಕೂ ಚೆಂದ, ಮಾರ್ಕ್ಸೂ ಫಸ್ಟ್ ಕ್ಲಾಸು. ಚಾರ್ಜ್ ಬೇಗ ಇಳೀತಿದ್ದದ್ದು ಆ ಕಂದು ಉಂಗುರದ ಸೆಲ್ಲಿಂದ, ಅಲ್ಲಿಗೆ ಕೇಸ್ ಕ್ಲೋಸ್ ಅಂದುಕೊಂಡೆ.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಅದಕ್ಕೆ ಯಂತ್ರ ಬೇಡ, ತಾಳ್ಮೆ ಬೇಕು. ಪೂರ್ತಿ ತುಂಬಿಸಿ, ಒಂದೆರಡು ಗಂಟೆ ಬಿಟ್ಟು ವೋಲ್ಟೇಜ್ ಬರೆದಿಟ್ಟು, ಒಂದು ವಾರ ಸುಮ್ಮನೆ ಇಡೋದು. ಮನೆ ಮೇಲಿನ ಟ್ಯಾಂಕು ತುಂಬಿಸಿ ಎಲ್ಲಾ ನಲ್ಲಿ ಬಂದ್ ಮಾಡಿ, ಬೆಳಿಗ್ಗೆ ನೋಡಿದರೆ ನೀರು ಇಳಿದಿದ್ದರೆ ಏನರ್ಥ? ಎಲ್ಲೋ ಸೋರ್ತಿದೆ. ಸೆಲ್ಲಿನಲ್ಲಿ ಹಾಗೆ ಸೋರಿದ ಶಕ್ತಿ ಹೊರಗೆಲ್ಲೂ ಹೋಗಲ್ಲ, ಒಳಗೇ ಬಿಸಿಯಾಗುತ್ತೆ.

ಇದನ್ನು ಹೇಳ್ತಿದ್ದಾಗ ಅಪ್ಪ ಮೊದಲ ಸಲ ಆಸಕ್ತಿಯಿಂದ ಬಗ್ಗಿ ನೋಡಿದರು. "ಅಂಗಾದ್ರೆ ಕೊಬ್ರಿ ಲೆಕ್ಕ ಅನ್ನು" ಅಂದರು.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋದು ಹೀಗೇ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡಬೇಕು. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಹೊರಗೆ ಸಿಪ್ಪೆ ಕಪ್ಪಾಗಿರೋ ಕಾಯಲ್ಲಿ ಒಳ್ಳೇ ಕೊಬ್ಬರಿ ಇರುತ್ತೆ, ಚೆಂದ ಕಾಣೋ ಕಾಯಿ ಒಡೆದರೆ ಕೊಳೆತಿರುತ್ತೆ. ಅಪ್ಪ ಸಿಪ್ಪೆಯ ಬಣ್ಣ ನೋಡಿ ತೀರ್ಮಾನ ಮಾಡಿದ್ದನ್ನು ನಾನು ಕಂಡಿಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಾರೆ. ಆಮೇಲೂ, "ಇನ್ನೊಂದು ತಿಂಗ್ಳು ಇರ್ಲಿ" ಅಂತ ವಾಪಸ್ ಇಡ್ತಾರೆ.

ಹಾಗಾಗಿ ಆ ವಾರ ಕಾಯೋ ಕೆಲಸ ಅಪ್ಪನೇ ವಹಿಸಿಕೊಂಡರು. ನಾಲ್ಕೂ ಸೆಲ್ಲು ಬೇರೆ ಬೇರೆ ಪ್ಲಾಸ್ಟಿಕ್ ಕೇಸಿನಲ್ಲಿ, ಮಡಿಕೆಯೊಳಗೆ, ಹೊರಗೆ ನೆರಳಿರೋ ಕಲ್ಲಿನ ಮೇಲೆ. ಮಲ್ಟಿಮೀಟರನ್ನು ಅವರಿಗೇ ಬಿಟ್ಟು, ಕಡ್ಡಿ ಎಲ್ಲಿ ಮುಟ್ಟಿಸಬೇಕು ಅಂತ ತೋರಿಸಿ ಬೆಂಗಳೂರಿಗೆ ಬಂದೆ. ಅಲ್ಲಿವರೆಗೆ ತೋಟಕ್ಕೆ ಹೋಗೋಕೆ ಹಳೇ ಶೈಲಿಯ ದಪ್ಪ ಸೆಲ್ಲಿನ ಬ್ಯಾಟ್ರಿ. ಬೆಳಕು ಕಮ್ಮಿ ಅಂತ ಗೊಣಗಿದರು, ಆದರೆ ಅದನ್ನೇ ಹಿಡಿದು ಹೋದರು.

ಮುಂದಿನ ಭಾನುವಾರ

ವಿಡಿಯೊ ಕಾಲ್. ಕನ್ನಡಕ ಹಾಕ್ಕೊಂಡು, ಚೀಟಿ ಪಕ್ಕದಲ್ಲಿಟ್ಟುಕೊಂಡು ಅಪ್ಪ ಕೂತಿದ್ದರು. ಅಮ್ಮ ಫೋನ್ ಹಿಡಿದಿದ್ದರು.

"ಒಂದು. ಹೋದ ವಾರ 4.16. ಈಗ 4.14."

"ಸರಿ ಅಪ್ಪ."

"ಮೂರು. 4.15 ಇತ್ತು. ಈಗ 4.13. ಐದು, 4.15 ಇತ್ತು. 4.12."

"ಸರಿ. ನಾಲ್ಕು?"

ಅವರು ಕಡ್ಡಿ ಮುಟ್ಟಿಸಿದರು. ಮತ್ತೊಮ್ಮೆ ಮುಟ್ಟಿಸಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. "4.17 ಇತ್ತು. ಈಗ 3.71 ತೋರಿಸ್ತೈತೆ ಕಣೋ. ನಿನ್ನ ಹಸಿರು ಸೆಲ್ಲೇ ಸೋರ್ತೈತೆ."

ಒಂದು ಚೂರೂ ಬಣ್ಣ ಮಾಸದ ಸೆಲ್ಲು. ನಾನು ಬಿಚ್ಚಿ, ವೋಲ್ಟೇಜ್ ಒಂದೇ ನೋಡಿ, ಚೆನ್ನಾಗಿದೆ ಅಂತ ಕೊಟ್ಟಿದ್ದ ಸೆಲ್ಲು. ಅದು ಒಳಗೊಳಗೇ ಸೋರಿಕೊಂಡು ಜೋಡಿ ಸೆಲ್ಲಿನ ಚಾರ್ಜನ್ನೂ ಎಳೀತಾ ಇತ್ತು. ಎರಡೂ ಸೇರಿ ಅಪ್ಪನ ತಲೆಯ ಹಿಂದೆ ಇದ್ದವು. ನಾನು ಮೀಟಿಂಗಿನಲ್ಲಿ ಕೂತು 'ಏನಾಗಲ್ಲ' ಅಂತ ಬರೆದಿದ್ದೆ.

"ತಪ್ಪಾಯ್ತಪ್ಪ" ಅಂದೆ.

"ಹೋಗ್ಲಿ ಬಿಡು. ಚೆನ್ನಾಗೈತೆ ಅಂತ ಅದನ್ನೇ ನಾನು ದಿನಾ ಹಾಕ್ತಿದ್ದೆ. ಬಣ್ಣ ಹೋದದ್ದನ್ನ ಪಕ್ಕಕ್ಕಿಟ್ಟಿದ್ದೆ" ಅಂದರು.

ನಿಮ್ಮ ಮನೆಯಲ್ಲಿದ್ದರೆ

ಮೇಲಿನದನ್ನೆಲ್ಲ ಫೋನಲ್ಲಿ ಸೇವ್ ಮಾಡ್ಕೊಳ್ಳೋ ಹಾಗೆ ಚಿಕ್ಕದಾಗಿ ಹೇಳೋದಾದರೆ:

ಬಣ್ಣ ಒಂದು ಪಕ್ಕ ಮಾತ್ರ ಮಾಸಿದೆ, ಅಕ್ಷರ ಅಳಿಸಿದೆ, ಉಜ್ಜಿದ ಮಸಿ, ಒರೆಸಿದರೆ ಹೋಗೋ ಗೋಂದು: ಇವು ಹೊರಗಿನ ಕಾರಣ. ಹೊದಿಕೆ ಗಟ್ಟಿಯಾಗಿದ್ದರೆ ಮೀಟರ್ ಪರೀಕ್ಷೆ ಮಾಡಿ ಬಳಸಬಹುದು.

ಹೊದಿಕೆ ಹರಿದಿದೆ, ಬಿರುಕು ಬಿಟ್ಟಿದೆ, ಸ್ಟೀಲ್ ಕಾಣುತ್ತೆ: ಹೊಸ ಹೊದಿಕೆ ಹಾಕೋವರೆಗೆ ಚಾರ್ಜೂ ಬೇಡ, ಬಳಕೆಯೂ ಬೇಡ. ಪ್ಲಸ್ ಕಡೆಯ ಅಂಚನ್ನು ಮೊದಲು ನೋಡಿ.

ಪ್ಲಸ್ ಸುತ್ತ ಕಂದು ಉಂಗುರ, ಜಿಡ್ಡು, ಸಿಹಿ ಘಾಟು, ತುಕ್ಕು, ಉಬ್ಬು, ತಗ್ಗು, ಶಾಖಕ್ಕೆ ಸುಕ್ಕಾದ ಹೊದಿಕೆ: ಬಳಸಬೇಡಿ. ಹೊದಿಕೆ ಬದಲಿಸಿ ಪ್ರಯೋಜನ ಇಲ್ಲ.

ಬಣ್ಣ ಚೆನ್ನಾಗಿದೆ ಅಂತಲೂ ಸುಮ್ಮನಾಗಬೇಡಿ. ಸುಮ್ಮನಿಟ್ಟಾಗ ಒಂದು ವಾರದಲ್ಲಿ ವೋಲ್ಟೇಜ್ ಗಮನಾರ್ಹವಾಗಿ ಇಳಿದರೆ, ಚಾರ್ಜ್ ಆಗುವಾಗ ಕೈಯಲ್ಲಿ ಹಿಡಿಯೋಕಾಗದಷ್ಟು ಬಿಸಿಯಾದರೆ, ಅದೂ ಸಾಕು.

ರಿಮೋಟಿಗೆ, ಮಕ್ಕಳ ಆಟಿಕೆಗೆ ಹಾಕೋ 1.2 ವೋಲ್ಟಿನ ರೀಚಾರ್ಜಬಲ್ ಸೆಲ್ಲುಗಳ ಕಥೆ ಬೇರೆ. ಅವು ನಿಕ್ಕಲ್‌ನವು, ಲೀಥಿಯಂನ ಹಾಗೆ ಹೊತ್ತಿಕೊಳ್ಳೋ ಜಾತಿಯಲ್ಲ. ಬಣ್ಣ ಮಾಸಿದ್ದಕ್ಕೆ ಹೆದರಬೇಕಿಲ್ಲ. ತುದಿಯಲ್ಲಿ ಬಿಳಿ ಪುಡಿ ಕಂಡರೆ ಮಾತ್ರ ಸೋರಿದೆ ಅಂತ ಲೆಕ್ಕ. ಅದು ಕ್ಷಾರ, ಬರಿಗೈಯಲ್ಲಿ ಮುಟ್ಟದೆ ತೆಗೆದುಹಾಕಿ. ಇನ್ನು ಫೋನಿನೊಳಗಿನ ಚಪ್ಪಟೆ ಬ್ಯಾಟರಿ ಉಬ್ಬಿದ್ದರೆ ಬಣ್ಣ ನೋಡುತ್ತಾ ಕೂರಬೇಡಿ, ಚಾರ್ಜ್ ಮಾಡೋದು ನಿಲ್ಲಿಸಿ.

ಕೆಟ್ಟ ಸೆಲ್ಲನ್ನು ಕಸದ ಗಾಡಿಗೆ ಹಾಕಬೇಡಿ. ಗಾಡಿಯೊಳಗೆ ಜಜ್ಜಿಹೋದರೆ ಬೆಂಕಿ, ಕಸ ಬೇರ್ಪಡಿಸೋರ ಕೈಗೆ ಅಪಾಯ. ಎರಡೂ ತುದಿಗೆ ಟೇಪ್ ಅಂಟಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಇ-ವೇಸ್ಟ್ ಸಂಗ್ರಹ ಕೇಂದ್ರಕ್ಕೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸೋ ಹೊಣೆ ತಯಾರಕರದ್ದು. ಮನೆ ಕಸದ ಜೊತೆ ಬೆರೆಸದೆ ಬೇರೆಯಾಗಿ ಕೊಡೋದು ನಮ್ಮದು. ಸೋರಿದ ಸೆಲ್ಲನ್ನು ಬಸ್ಸು, ರೈಲಿನಲ್ಲಿ ಒಯ್ಯಬೇಡಿ, ಹತ್ತಿರದ ಊರಿನಲ್ಲೇ ಕೊಡಿ. ನಮ್ಮ ಎರಡನ್ನು ಅಪ್ಪ ತಿಪಟೂರಲ್ಲೇ ಕೊಟ್ಟು ಬಂದರು.

ಹೊಸದು ಕೊಳ್ಳುವಾಗ ಬಿಐಎಸ್ ಗುರುತು ನೋಡಿ. 18650 ಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ಅದು ಸುಳ್ಳು. ಒಳ್ಳೆಯವು ಸಾಮಾನ್ಯವಾಗಿ 2000ದಿಂದ 3500ರ ಒಳಗಿರುತ್ತವೆ. ಟಾರ್ಚಿಗಾದರೆ ಒಳಗೇ ರಕ್ಷಣಾ ಸರ್ಕ್ಯೂಟ್ ಇರೋದನ್ನು ಕೇಳಿ ತಗೊಳ್ಳಿ. ಮತ್ತು ದಯವಿಟ್ಟು, ನನ್ನ ಹಾಗೆ ಲ್ಯಾಪ್‌ಟಾಪ್ ಬಿಚ್ಚಿ ಮನೆಯವರಿಗೆ ಉಡುಗೊರೆ ಕೊಡಬೇಡಿ.

ತಲೆ ಬ್ಯಾಟ್ರಿಗೆ ಒಂದೇ ಥರದ ಎರಡು ಹೊಸ ಸೆಲ್ಲು ಕಳಿಸಿದೆ. ಮೊನ್ನೆ ಬುಧವಾರ, ಮತ್ತೆ ಮೀಟಿಂಗಿನ ಮಧ್ಯೆ, ಅಪ್ಪನ ಫೋಟೊ ಬಂತು. ಹೊಸ ಸೆಲ್ಲು ಎರಡು, ಪಕ್ಕದಲ್ಲಿ ಮೀಟರು, ಕೆಳಗೆ ಚೀಟಿಯಲ್ಲಿ ಅವರದೇ ಅಕ್ಷರದಲ್ಲಿ ತಾರೀಖು ಮತ್ತು ವೋಲ್ಟೇಜು. 'ಹಾಕಬೋದಾ?'

ಮೈಕ್ ಮ್ಯೂಟ್ ಮಾಡಿ ಫೋಟೊ ದೊಡ್ಡದು ಮಾಡಿದೆ. ಮೇಲಿನ ಅಂಚು, ತಳ, ಮೀಟರಿನ ಅಂಕಿ, ಒಂದೊಂದೇ ನೋಡಿದೆ. ಆಮೇಲೆ, 'ಇನ್ನೊಂದು ಪಕ್ಕ ತಿರುಗಿಸಿ ಫೋಟೊ ಕಳಿಸಿ ಅಪ್ಪ' ಅಂತ ಬರೆದೆ.